ಚೀಲ ಹಗುರಾದರೂ ಕಾಳು ಕಡಿಮೆಯಾಗುವುದಿಲ್ಲ

ಪ್ರಿಯ ಬರಹಗಾರರೇ, ನಮಸ್ಕಾರ.

ವಿಜಯಪುರದ ಮಾರುಕಟ್ಟೆಯ ಹಮಾಲನೊಬ್ಬ ಚಂದ್ರನ ಮೇಲೆ ಜೋಳದ ಚೀಲ ಹೊರುವ ನಿಮ್ಮ ಕಥೆಯನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ಚೀಲಕ್ಕೆ ಕೊಕ್ಕೆ ಹಾಕಿ ಬೆನ್ನಿಗೆ ಎಳೆದುಕೊಳ್ಳುವ ಆತನ ಮೈಯ ಲಯವನ್ನು ಮೊದಲ ಪುಟಗಳಲ್ಲಿ ಹತ್ತಿರದಿಂದ ಕಂಡವರಂತೆ ಬರೆದಿದ್ದೀರಿ. ಆದರೆ ಚಂದ್ರನನ್ನು ತಲುಪಿದ ಕೂಡಲೇ ತೂಕವೂ ದ್ರವ್ಯರಾಶಿಯೂ ಒಂದೇ ಎಂದು ಭಾವಿಸಿದ್ದರಿಂದ ಕಥೆಯ ಮುಖ್ಯ ಘಟನೆಗಳೆಲ್ಲ ದಾರಿ ತಪ್ಪಿವೆ.

“ಚೀಲದ ದ್ರವ್ಯರಾಶಿ 60 ಕಿಲೋದಿಂದ 10 ಕಿಲೋಗೆ ಇಳಿಯಿತು” ಎಂದಿದ್ದೀರಿ. ಹಾಗಾಗಬೇಕಾದರೆ ದಾರಿಯಲ್ಲಿ 50 ಕಿಲೋ ಜೋಳ ಸೋರಿರಬೇಕು. ಚೀಲದೊಳಗೆ ಎಷ್ಟು ವಸ್ತುವಿದೆ ಎಂಬುದೇ ದ್ರವ್ಯರಾಶಿ, ಅದು ಎಲ್ಲಿ ಹೋದರೂ 60 ಕಿಲೋಗ್ರಾಂ. ಆ ವಸ್ತುವನ್ನು ಗುರುತ್ವ ಎಳೆಯುವ ಬಲ ತೂಕ. ಬಲವನ್ನು ಅಳೆಯುವ ನ್ಯೂಟನ್ ಲೆಕ್ಕದಲ್ಲಿ ಅದು ಇಲ್ಲಿ ಸುಮಾರು 588, ಚಂದ್ರನಲ್ಲಿ ಸುಮಾರು 97.

ಹತ್ತು ಚೀಲ ಹೇರಿದ ಗಾಡಿ ಉರುಳಿ ಬಂದಾಗ ನಿಮ್ಮ ಹಮಾಲ ಅದನ್ನು ಒಂದೇ ಬೆರಳಿನಿಂದ ತಡೆಯುತ್ತಾನೆ. ನನಗೆ ಅತ್ಯಂತ ಬೇಸರವಾದದ್ದು ಇಲ್ಲಿಯೇ, ಏಕೆಂದರೆ ಕಥೆಯ ಅತ್ಯುತ್ತಮ ದೃಶ್ಯವಾಗಬಹುದಾಗಿದ್ದುದನ್ನು ಕೈಬಿಟ್ಟಿದ್ದೀರಿ. ಎತ್ತುವುದಕ್ಕೆ ಎದುರಾಗುವುದು ತೂಕ, ನಿಲ್ಲಿಸುವುದಕ್ಕೆ ಎದುರಾಗುವುದು ಜಡತ್ವ, ಅಂದರೆ ಚಲಿಸುತ್ತಿರುವುದು ಚಲಿಸುತ್ತಲೇ ಇರುವ ಗುಣ; ಜಡತ್ವ ದ್ರವ್ಯರಾಶಿಯನ್ನು ಅವಲಂಬಿಸಿರುವುದರಿಂದ ಅದೇ ವೇಗದಲ್ಲಿ ಬರುವ 600 ಕಿಲೋ ಹೇರು ವಿಜಯಪುರದಲ್ಲಿ ಹೇಗೆ ಅಪ್ಪಳಿಸುವುದೋ ಅಲ್ಲಿಯೂ ಹಾಗೆಯೇ ಅಪ್ಪಳಿಸುತ್ತದೆ. ಅಷ್ಟೇ ಅಲ್ಲ, ಆತನ ಸ್ವಂತ ತೂಕವೂ ಆರರಲ್ಲಿ ಒಂದು ಪಾಲಾಗಿರುವುದರಿಂದ ಪಾದಗಳಿಗೆ ನೆಲದ ಹಿಡಿತ ಸಿಗದೆ, ಗಾಡಿಯನ್ನು ತಡೆಯಲು ಹೋದವನೇ ಹಿಂದಕ್ಕೆ ಜಾರುತ್ತಾನೆ. 1969ರಲ್ಲಿ ಅಲ್ಲಿ ನಡೆದಾಡಿದ ಬಜ್ ಆಲ್ಡ್ರಿನ್ ಕೂಡ, ಕಾಲುಗಳನ್ನು ಮೈಯ ಕೆಳಗೆ ತಂದುಕೊಳ್ಳಲು ಎರಡು ಮೂರು ಹೆಜ್ಜೆ ಬೇಕಾಗುತ್ತವೆ ಎಂದು ಹೇಳಿದ್ದರು. ಸುಲಭವಾಗಿ ಎತ್ತಬಲ್ಲ ಹೊರೆಯನ್ನು ತಡೆಯಲಾರದೆ ಹೋದಾಗ ಆ ಅನುಭವಿ ಹಮಾಲನಿಗೆ ಆಗುವ ದಿಗ್ಭ್ರಮೆಯನ್ನು ನಿಮ್ಮ ಕೈಯಲ್ಲಿ ಓದಲು ನನಗೆ ಆಸೆಯಿದೆ.

ಚಂದ್ರನಲ್ಲಿ ತಕ್ಕಡಿ 10 ಕಿಲೋ ತೋರಿಸುವ ಪ್ರಸಂಗವೂ ಹೀಗೆಯೇ. ಒಂದು ತಟ್ಟೆಯಲ್ಲಿ ಚೀಲ, ಇನ್ನೊಂದರಲ್ಲಿ ತೂಕದ ಕಲ್ಲುಗಳಿದ್ದರೆ ಎರಡೂ ಸಮನಾಗಿ ಹಗುರಾಗುತ್ತವೆ, ಆದ್ದರಿಂದ ತಕ್ಕಡಿ ಅಲ್ಲಿಯೂ 60 ಎಂದೇ ಹೇಳುತ್ತದೆ. 10 ಎಂದು ತೋರಿಸುವುದು ಇಲ್ಲಿಂದ ಒಯ್ದ ಸ್ಪ್ರಿಂಗ್ ಕಾಟಾ, ಏಕೆಂದರೆ ಅದು ಅಳೆಯುವುದು ಗುರುತ್ವದ ಎಳೆತವನ್ನು. ನಿಮ್ಮ ದಲಾಲನ ಕೈಗೆ ಆ ಕಾಟಾ ಕೊಡಿ, ಹಮಾಲ ತಕ್ಕಡಿಗಾಗಿ ಹಟ ಹಿಡಿಯಲಿ. ನೀವು ಹುಡುಕುತ್ತಿದ್ದ ಸಂಘರ್ಷ ತಾನಾಗಿ ಒದಗುತ್ತದೆ.

ಭೂಮಿಯಿಂದ 400 ಕಿಲೋಮೀಟರ್ ಎತ್ತರದ ಬಾಹ್ಯಾಕಾಶ ನಿಲ್ದಾಣದಲ್ಲಿ ಗುರುತ್ವವೇ ಇಲ್ಲವೆಂಬ ವಾಕ್ಯವನ್ನು ತೆಗೆದುಹಾಕಿ. ಅಲ್ಲಿಯೂ ನೆಲದ ಮೇಲಿನ ಗುರುತ್ವದ ಸುಮಾರು 90 ಪ್ರತಿಶತ ಇರುತ್ತದೆ. ಹಗ್ಗ ಹರಿದು ಬಾವಿಗೆ ಬೀಳುವ ಕೊಡ ಮತ್ತು ಅದರೊಳಗಿನ ನೀರಿನಂತೆ ನಿಲ್ದಾಣವೂ ಯಾತ್ರಿಗಳೂ ಒಟ್ಟಿಗೆ ಬೀಳುತ್ತಲೇ ಸುತ್ತುವುದರಿಂದ ಭಾರದ ಅನುಭವವಾಗುವುದಿಲ್ಲ.

ಹಮಾಲನ ಬಾಯಲ್ಲಿ ಮಾತ್ರ ‘ದ್ರವ್ಯರಾಶಿ’ ಬೇಡ. “ಚೀಲ ಹಗರಾಗ್ಯಾದ, ಆದ್ರ ಕಾಳು ಕಡಿಮಿ ಆಗಿಲ್ಲ” ಎಂದು ಆತ ಅಂದರೆ ಸಾಕು. ಮೊದಲ ಎರಡು ಪುಟಗಳನ್ನು ಮುಟ್ಟಬೇಡಿ. ಗಾಡಿಯ ಮತ್ತು ತಕ್ಕಡಿಯ ದೃಶ್ಯಗಳನ್ನು ಹೊಸದಾಗಿ ಬರೆದು ಕಳುಹಿಸಿ, ಕಾಯುತ್ತೇನೆ.

ಇಂತಿ,
ಸಂಪಾದಕ