ಚರ್ಮದ ಸುದ್ದಿ ನರಕೋಶದ ಕೇಂದ್ರವನ್ನು ತಲುಪುವುದು ಹೇಗೆ?

ಪ್ರಶ್ನೆ: ನೋವನ್ನು ಗ್ರಹಿಸುವ ನರಕೋಶಗಳು ಭ್ರೂಣದಲ್ಲಿ ಬದುಕುಳಿಯಲು ಎನ್‌ಜಿಎಫ್ ಎಂಬ ಬೆಳವಣಿಗೆಯ ಅಂಶ ಬೇಕೆಂದು ಓದಿದ್ದೇನೆ. ಅದು ತಯಾರಾಗುವುದು ಚರ್ಮದಲ್ಲಿ. ಕೋಶಕೇಂದ್ರವಿರುವುದು ಬೆನ್ನುಹುರಿಯ ಪಕ್ಕದಲ್ಲಿ. ಅಷ್ಟು ದೂರದ ಪೊರೆಯ ಮೇಲೆ ನಡೆದದ್ದು ಕೇಂದ್ರಕ್ಕೆ ತಿಳಿಯುವುದು ಹೇಗೆ? ಗ್ರಾಹಕವೇ ಕೆಟ್ಟರೆ ಏನಾಗುತ್ತದೆ?
– ಬಿ.ಎಸ್ಸಿ. ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಎನ್‌ಜಿಎಫ್ ಅನ್ನು 1950ರ ದಶಕದಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಬೇರ್ಪಡಿಸಿದ ರೀಟಾ ಲೆವಿ-ಮೊಂಟಾಲ್ಚಿನಿ ಮತ್ತು ಸ್ಟ್ಯಾನ್ಲಿ ಕೋಹೆನ್ ಅವರಿಗೆ 1986ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. ಆದರೆ ಅದು ಪೊರೆಯ ಮೇಲಿನ ಯಾವ ಪ್ರೋಟೀನಿನ ಮೂಲಕ ಕೆಲಸ ಮಾಡುತ್ತದೆ ಎಂಬುದು ಸ್ಪಷ್ಟವಾದದ್ದು 1991ರಲ್ಲಿ. ಆ ಗ್ರಾಹಕದ ಹೆಸರು ಟ್ರ್ಯಾಕ್-ಎ.

ಟ್ರ್ಯಾಕ್-ಎ ಪೊರೆಯನ್ನು ಒಂದೇ ಒಂದು ಬಾರಿ ಹಾದುಹೋಗುವ ಪ್ರೋಟೀನು. ಹೊರಗಿನ ಭಾಗ ಎನ್‌ಜಿಎಫ್ ಅನ್ನು ಹಿಡಿಯುತ್ತದೆ. ಒಳಗಿನ ಭಾಗ ಟೈರೋಸಿನ್ ಕೈನೇಸ್, ಅಂದರೆ ಕೋಶದ ಶಕ್ತಿವಾಹಕ ಅಣುವಾದ ಎಟಿಪಿಯಿಂದ ಫಾಸ್ಫೇಟನ್ನು ತೆಗೆದು ಟೈರೋಸಿನ್ ಎಂಬ ಅಮೈನೋ ಆಮ್ಲಕ್ಕೆ ಅಂಟಿಸುವ ಕಿಣ್ವ. ಎನ್‌ಜಿಎಫ್ ಸ್ವತಃ ಜೋಡಿ ಅಣುವಾದ್ದರಿಂದ ಎರಡು ಗ್ರಾಹಕಗಳನ್ನು ಒಟ್ಟಿಗೆ ಬಂಧಿಸಬಲ್ಲದು. ಹಾಗೆ ಬಂಧಿಸಿದಾಗ ಒಳಗಿನ ಎರಡು ಕೈನೇಸ್‌ಗಳು ಒಂದರ ಮೇಲೊಂದು ಫಾಸ್ಫೇಟ್ ಹಚ್ಚಿಕೊಂಡು ಮೊದಲು ಚುರುಕಾಗುತ್ತವೆ, ಅನಂತರ 490 ಮತ್ತು 785ನೆಯ ಸ್ಥಾನಗಳ ಟೈರೋಸಿನ್‌ಗಳಿಗೂ ಫಾಸ್ಫೇಟ್ ಹಚ್ಚುತ್ತವೆ. ಈ ಎರಡು ತಾಣಗಳಿಗೆ ಬೇರೆ ಬೇರೆ ಪ್ರೋಟೀನುಗಳು ಬಂದು ಕೂರುತ್ತವೆ. 490ರಿಂದ ಎರಡು ಸಂಕೇತ ಸರಪಳಿಗಳು ಹೊರಡುತ್ತವೆ: ರಾಸ್–ಇಆರ್‌ಕೆ ಮಾರ್ಗ ಬೆಳವಣಿಗೆಯನ್ನೂ ಪಿಐ3ಕೆ–ಆಕ್ಟ್ ಮಾರ್ಗ ಮುಖ್ಯವಾಗಿ ಉಳಿವನ್ನೂ ನೋಡಿಕೊಂಡರೆ, 785ರಲ್ಲಿ ಕೂರುವ ಕಿಣ್ವ ಕ್ಯಾಲ್ಸಿಯಂ ಸಂಕೇತಗಳನ್ನು ಎಬ್ಬಿಸುತ್ತದೆ.

ಇನ್ನು ದೂರದ ಮಾತು. 1977ರಲ್ಲಿ ರಾಬರ್ಟ್ ಕ್ಯಾಂಪೆನಾಟ್ ಪ್ರಕಟಿಸಿದ ಪ್ರಯೋಗ ನನ್ನ ಮಟ್ಟಿಗೆ ಈ ವಿಷಯದಲ್ಲೇ ಅತ್ಯಂತ ಸೊಗಸಾದದ್ದು. ತಟ್ಟೆಯೊಂದನ್ನು ಮೂರು ಕೋಣೆಗಳಾಗಿ ವಿಂಗಡಿಸಿ, ನಡುವಿನ ಕೋಣೆಯಲ್ಲಿ ಇಲಿಮರಿಯ ನರಕೋಶಗಳನ್ನಿಟ್ಟು, ಅವುಗಳ ಎಳೆಗಳು ಗ್ರೀಸಿನ ತಡೆಯ ಅಡಿಯಿಂದ ನುಸುಳಿ ಪಕ್ಕದ ಕೋಣೆಗಳಿಗೆ ಬೆಳೆಯುವಂತೆ ಮಾಡಲಾಗಿತ್ತು. ನಡುಕೋಣೆಯಿಂದ ಎನ್‌ಜಿಎಫ್ ಅನ್ನು ತೆಗೆದರೂ, ಪಕ್ಕದ ಕೋಣೆಯಲ್ಲಿ ಅದಿದ್ದರೆ ಅಲ್ಲಿಗೆ ಎಳೆ ಚಾಚಿದ್ದ ಕೋಶಗಳು ಉಳಿದವು. ಎಂದರೆ ಎಳೆಯ ತುದಿಯ ಸಂಕೇತವೊಂದೇ ಜೀವ ಉಳಿಸಲು ಸಾಕಾಯಿತು.

ಈ ಸಂಕೇತ ಸಾಗುವ ಬಗೆ ಹೀಗಿದೆ: ಎನ್‌ಜಿಎಫ್ ಹಿಡಿದ ಟ್ರ್ಯಾಕ್-ಎ ಸುತ್ತಲಿನ ಪೊರೆ ಒಳಕ್ಕೆ ಕುಸಿದು, ಕಡಿದು, ಪುಟ್ಟ ಕೋಶಿಕೆಯಾಗುತ್ತದೆ. ಎನ್‌ಜಿಎಫ್ ಕೋಶಿಕೆಯ ಒಳಗೆ ಉಳಿದರೆ, ಗ್ರಾಹಕದ ಕೈನೇಸ್ ಭಾಗ ಹೊರಮುಖವಾಗಿ ಕೋಶರಸದಲ್ಲೇ ಇರುವುದರಿಂದ ದಾರಿಯುದ್ದಕ್ಕೂ ಸಕ್ರಿಯವಾಗಿರಬಲ್ಲದು. ಡೈನೀನ್ ಎಂಬ ಚಾಲಕ ಪ್ರೋಟೀನು ಈ ಕೋಶಿಕೆಯನ್ನು ಕೋಶದೊಳಗೆ ಹಳಿಗಳಂತಿರುವ ಸೂಕ್ಷ್ಮನಳಿಕೆಗಳ ಮೇಲೆ ಎಳೆದೊಯ್ಯುತ್ತದೆ. ಸೆಕೆಂಡಿಗೆ ಒಂದು ಮೈಕ್ರೋಮೀಟರ್ ವೇಗವೆಂದಿಟ್ಟುಕೊಂಡರೂ ಒಂದು ಮೀಟರ್ ಕ್ರಮಿಸಲು ಹನ್ನೊಂದು ಹನ್ನೆರಡು ದಿನ ಬೇಕು. ಇದು ನಿಧಾನವೆನಿಸಬಹುದು, ಆದರೆ ಪ್ರೋಟೀನು ತಾನಾಗಿಯೇ ಹರಡಿಕೊಂಡು ಅಷ್ಟು ದೂರ ಸಾಗಬೇಕಾದರೆ ಶತಮಾನಗಳೇ ಹಿಡಿಯುತ್ತವೆ.

ಸಂಕೇತ ಎಷ್ಟು ಹೊತ್ತು ಉಳಿಯುತ್ತದೆ ಎಂಬುದೂ ಮುಖ್ಯ. ಪಿಸಿ12 ಎಂಬ ಇಲಿಯ ಗಡ್ಡೆಕೋಶಗಳಿಗೆ ಇಜಿಎಫ್ ಎಂಬ ಇನ್ನೊಂದು ಅಂಶವನ್ನು ಕೊಟ್ಟರೆ ಮೇಲೆ ಹೇಳಿದ ಮಾರ್ಗದ ಇಆರ್‌ಕೆ ಕಿಣ್ವ ಬೇಗ ಎದ್ದು ಬೇಗ ಇಳಿಯುತ್ತದೆ, ಕೋಶಗಳು ವಿಭಜನೆಯತ್ತ ಸಾಗುತ್ತವೆ. ಎನ್‌ಜಿಎಫ್ ಕೊಟ್ಟರೆ ಅದೇ ಇಆರ್‌ಕೆ ಗಂಟೆಗಟ್ಟಲೆ ಎದ್ದೇ ಇದ್ದು, ಕೋಶಗಳು ವಿಭಜನೆ ನಿಲ್ಲಿಸಿ ನರಕೋಶಗಳಂತೆ ಎಳೆ ಚಾಚುತ್ತವೆ.

ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ನೋವಿನದು. ಟ್ರ್ಯಾಕ್-ಎ ಜೀನಿನ ಎರಡೂ ಪ್ರತಿಗಳು ಕೆಟ್ಟ ಮಕ್ಕಳು ಬಹಳ ವಿರಳವಾಗಿ ಹುಟ್ಟುತ್ತಾರೆ. ಅವರಲ್ಲಿ ನೋವು ಗ್ರಹಿಸುವ ನರಗಳೂ ಬೆವರುಗ್ರಂಥಿಗಳಿಗೆ ಹೋಗುವ ನರಗಳೂ ಬೆಳೆದು ಉಳಿದಿರುವುದಿಲ್ಲ. ಸುಟ್ಟರೂ ಮೂಳೆ ಮುರಿದರೂ ಅವರಿಗೆ ತಿಳಿಯದು. ಬೆವರು ಬಾರದ ಕಾರಣ ಸೆಕೆಯಲ್ಲಿ ಮೈ ಅಪಾಯಕಾರಿಯಾಗಿ ಕಾಯುತ್ತದೆ. ಸತ್ತ ನರಗಳನ್ನು ಮರಳಿ ತರುವ ಚಿಕಿತ್ಸೆ ಇಲ್ಲ. ಹೀಗಾಗಿ ಮೈಯನ್ನು ತಂಪಾಗಿಡುವುದು, ಗಾಯಗಳಿಗಾಗಿ ದಿನವೂ ಕೈಕಾಲು, ಬಾಯಿ, ಕಣ್ಣುಗಳನ್ನು ಪರೀಕ್ಷಿಸುವುದು ಹೆತ್ತವರ ನಿತ್ಯದ ಕೆಲಸವಾಗುತ್ತದೆ.