ಗಾಡಿ ಮಾರೋನು ಲೋನ್ ತೀರಿದೆ ಅಂತಾನೆ, ಆದ್ರೆ ಆರ್‌ಸಿಲಿ ಇನ್ನೂ ಬ್ಯಾಂಕ್ ಹೆಸ್ರಿದೆ ಅಂದ್ರೆ…
ಗುರು, 2018ರ ಪಲ್ಸರ್ ಗಾಡಿ ಚೆನ್ನಾಗಿದೆ, ಲೋನ್ ತೀರಿದೆ, ಎನ್‌ಓಸಿ (ಲೋನ್ ಬಾಕಿ ಇಲ್ಲ ಅನ್ನೋ ಬ್ಯಾಂಕ್ ಪತ್ರ) ಆಮೇಲೆ ಕೊಡ್ತೀನಿ ಅಂತಾನೆ ಮಾರೋನು, ಅಡ್ವಾನ್ಸ್ ಕೊಡ್ಲಾ ಅಂತ ಕೇಳಿದೀರಲ್ಲ, ಕೊಡ್ಬೇಡಿ. ತೀರಿಸಿರೋನಿಗೆ ಬ್ಯಾಂಕಿಂದ ಎನ್‌ಓಸಿನೂ ಫಾರ್ಮ್ 35ನೂ (ಆರ್‌ಸಿಯಿಂದ ಬ್ಯಾಂಕ್ ಹೆಸ್ರು ತೆಗೆಸೋ ಫಾರ್ಮ್) ತರೋದು ಏನ್ ಮಹಾ ಕೆಲಸ, ಕಳೆದೋಗಿದ್ರೂ ಡೂಪ್ಲಿಕೇಟ್ ಸಿಗತ್ತೆ. ಮೊದ್ಲು ಆರ್‌ಸಿಯಿಂದ ಎಚ್‌ಪಿ, ಅಂದ್ರೆ ಆ ಬ್ಯಾಂಕ್ ಲೋನಿನ ಎಂಟ್ರಿ, ತೆಗೆಸ್ಲಿ, ಆಮೇಲೆ ದುಡ್ಡಿನ ಮಾತು. ನಾನೂ ಒಂದ್ಸಲ ಹೀಗೇ ಮಾತು ನಂಬಿ ಎಂಟು ತಿಂಗ್ಳು ಅಲೆದಿದೀನಿ, ಮಾರಿದೋನು ಫೋನೇ ಎತ್ತಲ್ಲ.

ಸರ್ಕಾರದ ಎಂಪರಿವಾಹನ್ ಆಪಲ್ಲಿ ಗಾಡಿ ನಂಬರ್ ಹಾಕಿ ಇನ್ಶೂರೆನ್ಸ್, ಎಚ್‌ಪಿ ಎಲ್ಲಾ ನೋಡ್ಕೊಳ್ಳಿ, ಬೆಂಗ್ಳೂರ್ ಗಾಡಿ ಆದ್ರೆ ಟ್ರಾಫಿಕ್ ಫೈನ್ ಬಾಕಿನೂ ಚೆಕ್ ಮಾಡಿ, ಕೆಲವ್ರದ್ದು ಗಾಡಿ ರೇಟಿಗಿಂತ ಫೈನೇ ಜಾಸ್ತಿ ಇರತ್ತೆ! ಹ್ಯಾಂಡಲ್ ಕೆಳಗೆ ಕೊರೆದಿರೋ ಚಾಸಿಸ್ ನಂಬರ್ ಆರ್‌ಸಿ ಜೊತೆ ತಾಳೆ ನೋಡಿ, ಉಜ್ಜಿದಂಗಿದ್ರೆ ಅಲ್ಲಿಂದ್ಲೇ ವಾಪಸ್.

ನೋಡಕ್ಕೆ ಬೆಳಿಗ್ಗೆನೇ ಹೋಗಿ, ಸ್ಟಾರ್ಟ್ ಮಾಡಿಡ್ಬೇಡಿ ಅಂತ ಮೊದ್ಲೇ ಹೇಳಿರಿ. ಎಂಜಿನ್ ಮುಟ್ಟಿದ್ರೆ ತಣ್ಣಗಿರ್ಬೇಕು, ಬಿಸಿ ಇದ್ರೆ ಏನೋ ಮುಚ್ಚಿಡ್ತಿರಬಹುದು. ಸೈಲೆನ್ಸರಿಂದ ನೀಲಿ ಹೊಗೆ ಬರ್ತಾನೇ ಇದ್ರೆ ಆಯಿಲ್ ಸುಡ್ತಿದೆ, ಬೋರ್ ಕೆಲಸ (ಎಂಜಿನ್ ಬಿಚ್ಚಿ ಸಿಲಿಂಡರ್ ರಿಪೇರಿ) ಬಂತು ಅಂತ್ಲೇ ಲೆಕ್ಕ. ಫೋರ್ಕ್ ಆಯಿಲ್ ಲೀಕು, ಚೈನ್ ಸ್ಪ್ರಾಕೆಟ್ ಇವೆಲ್ಲ ಚೌಕಾಸಿಗೆ ಬರತ್ತೆ ಅಷ್ಟೇ.

ಎಲ್ಲಾ ಓಕೆ ಆದ್ರೆ ಹೆಸ್ರು ಬದಲಾಯ್ಸೋ ಫಾರ್ಮ್ 29, 30ಕ್ಕೆ ಮಾರೋರ ಸೈನ್ ಹಾಕಿಸ್ಕೊಂಡು ಅವ್ರ ಆಧಾರ್ ಕಾಪಿ ಇಟ್ಕೊಳ್ಳಿ. 30 ದಿನದೊಳಗೆ ಆರ್‌ಸಿ ನಿಮ್ ಹೆಸ್ರಿಗೆ ಮಾಡ್ಸೋಕೆ ಅರ್ಜಿ ಹಾಕ್ಬೇಕು, ಇನ್ಶೂರೆನ್ಸ್ ನಿಮ್ ಹೆಸ್ರಿಗೆ ಮಾಡ್ಸೋಕೆ ಅರ್ಜಿ ಹಾಕಕ್ಕೆ 14 ದಿನ ಅಷ್ಟೇ.