ಮಾಂಟ್ರಿಯಲ್ ಜಾಝ್ ಹಬ್ಬದಲ್ಲಿ ಯಾರೆಲ್ಲ ನುಡಿಸಿದ್ದಾರೆ, ಕಛೇರಿಗಳು ಎಲ್ಲಿ ನಡೆಯುತ್ತವೆ? ಟಿಕೆಟ್ ಬೇಕೇ ಬೇಕಾ?

ಟಿಕೆಟ್ ಬೇಕೇ ಬೇಕು ಅಂತೇನಿಲ್ಲ. ಕೆನಡಾದ ಈ ಹಬ್ಬದಲ್ಲಿ ಉಚಿತ ಕಛೇರಿಗಳೇ ಜಾಸ್ತಿ. ಜೂನ್ ಕೊನೆಗೆ ಶುರುವಾಗಿ ಜುಲೈ ಮೊದಲ ವಾರದವರೆಗೆ ನಡೆಯುತ್ತದೆ. ಪ್ಲಾಸ್ ದೇಜ಼ಾರ್ ಮೆಟ್ರೋ ನಿಲ್ದಾಣದಲ್ಲಿ ಇಳಿದು ಮೇಲೆ ಬಂದರೆ ಸಾಕು, ಸುತ್ತಲಿನ ಬೀದಿಗಳಲ್ಲಿ ವಾಹನ ಬಿಡುವುದಿಲ್ಲ, ಒಂದು ವೇದಿಕೆಯಿಂದ ಇನ್ನೊಂದಕ್ಕೆ ನಡೆದೇ ಹೋಗಬಹುದು.

ಒಳಾಂಗಣ ಕಛೇರಿಗಳಿಗೆ ಟಿಕೆಟ್ ಇದೆ. ದೊಡ್ಡ ಹೆಸರುಗಳು ಸಾಮಾನ್ಯವಾಗಿ ಸಾಲ್ ವಿಲ್ಫ್ರಿಡ್ ಪೆಲ್ಟಿಯೇಯಲ್ಲಿ. ಸುಮಾರು 3,000 ಆಸನಗಳ ಸಭಾಂಗಣ ಅದು. ನನ್ನನ್ನು ಕೇಳಿದರೆ ಜೆಜ಼ುಗೆ ಹೋಗಿ. 1865ರಲ್ಲಿ ಕಟ್ಟಿದ ಚರ್ಚಿನ ಕೆಳಗಿರುವ ಪುಟ್ಟ ರಂಗಮಂದಿರ. ಆಸನಗಳು ವೇದಿಕೆಯನ್ನು ಅರ್ಧಚಂದ್ರಾಕಾರದಲ್ಲಿ ಸುತ್ತುವರಿದಿವೆ. ಬಾಸ್ ಎಂಬ ದೊಡ್ಡ ತಂತಿವಾದ್ಯ ಮೀಟುವ ಬೆರಳು, ಡ್ರಮ್ ಮೇಲೆ ಬ್ರಷ್ ಉಜ್ಜುವ ಸದ್ದು, ಎಲ್ಲವೂ ಹತ್ತಿರದಿಂದ ಸಿಗುತ್ತದೆ. ಜಾಝ್‌ಗೆ ಅದೇ ತಾನೇ ಬೇಕು?

ಇನ್ನು ಕಲಾವಿದರು. 1980ರ ಮೊದಲ ಹಬ್ಬಕ್ಕೇ ಗಾಯಕ ರೇ ಚಾರ್ಲ್ಸ್, ಪಿಯಾನೋ ವಾದಕ ಚಿಕ್ ಕೊರಿಯಾ ಬಂದಿದ್ದರು. ಪಿಯಾನೋ ವಾದಕರಾದ ಆಸ್ಕರ್ ಪೀಟರ್ಸನ್, ಆಲಿವರ್ ಜೋನ್ಸ್ ಇಬ್ಬರೂ ಇದೇ ಊರಿನವರು, ಇಲ್ಲೂ ನುಡಿಸಿದವರು. ಆದರೆ ಈ ಹಬ್ಬಕ್ಕೆ ನಿಜವಾದ ಗುರುತು ಕೊಟ್ಟದ್ದು 1989ರಲ್ಲಿ ಶುರುವಾದ 'ಆಹ್ವಾನ' ಸರಣಿ ಅಂತ ನನಗನಿಸುತ್ತದೆ. ಒಬ್ಬರೇ ಕಲಾವಿದರು, ಹಲವು ರಾತ್ರಿ, ಪ್ರತಿ ರಾತ್ರಿ ಬೇರೆ ಜೊತೆಗಾರರು. ಮೊದಲ ವರ್ಷ ಬಾಸ್ ವಾದಕ ಚಾರ್ಲಿ ಹೇಡನ್ ಅವರದು. ಜೊತೆಗೆ ಒಂದು ರಾತ್ರಿ ಪಿಯಾನೋ ವಾದಕ ಪಾಲ್ ಬ್ಲೇ, ಇನ್ನೊಂದು ರಾತ್ರಿ ಟ್ರಂಪೆಟ್ ವಾದಕ ಡಾನ್ ಚೆರಿ, ಮತ್ತೊಂದು ರಾತ್ರಿ ಸ್ಯಾಕ್ಸೋಫೋನ್ ವಾದಕ ಜೋ ಹೆಂಡರ್ಸನ್. ಆ ಧ್ವನಿಮುದ್ರಣಗಳು ಆಲ್ಬಮ್‌ಗಳಾಗಿ ಬಂದಿವೆ. ಹೋಗುವ ಮೊದಲು ಒಂದೆರಡಾದರೂ ಕೇಳಿ.